ಕಬಡ್ಡಿ ಅಂಕಣದ ಮಮತಾ ಮತ್ತು ನಮ್ಮ ಮನೆಯ ಹೆಣ್ಣುಮಕ್ಕಳು

ರೋಣ, ನರಗುಂದ, ಗಜೇಂದ್ರಗಡಗಳ ಎರೆಭೂಮಿಯ ಹಾದಿಗಳಲ್ಲಿ ಸಂಜೆಯ ಹೊತ್ತು ಸಂಚರಿಸುವವರಿಗೆ ಒಂದು ನೋಟ ಚಿರಪರಿಚಿತವಾದುದು. ದಿನವಿಡೀ ಹೊಲದಲ್ಲಿ ಹತ್ತಿ ಬಿಡಿಸಿ, ಕಡಲೆ ಕಿತ್ತು ಊರಿಗೆ ಮರಳುವ ಹೆಣ್ಣುಮಕ್ಕಳ ತಲೆಯ ಮೇಲೆ ಮೇವಿನ ಹೊರೆಯಿರುತ್ತದೆ. ಮನೆ ಸೇರಿದೊಡನೆ ತಲೆಯ ಮೇಲೊಂದು, ಬಗಲಲ್ಲೊಂದು ಕೊಡ ಹೊತ್ತು ನೀರಿಗೆ ನಡೆಯುತ್ತಾರೆ. ಅವರ ಕುತ್ತಿಗೆಯ ಬಿಗಿಯಾಗಲಿ, ತೋಳಿನ ಕಸುವಾಗಲಿ ಯಾರ ಕಣ್ಣಿಗೂ ಅಸಭ್ಯವಾಗಿ ತೋರುವುದಿಲ್ಲ. "ಗಟ್ಟಿ ಹೆಣ್ಣುಮಗಳು" ಎಂದು ಹಿರಿಯರು ಮೆಚ್ಚಿಕೊಳ್ಳುತ್ತಾರೆ. ಸಂಬಂಧ ನೋಡಲು ಬಂದ ಬೀಗರೂ ಅದನ್ನೇ ಮೆಚ್ಚುತ್ತಾರೆ.

ಅದೇ ಮನೆಯ ಮಗಳು ಅದೇ ಕಸುವನ್ನು ಶಾಲೆಯ ಮೈದಾನದಲ್ಲಿ ಆಟಕ್ಕೆ ಬಳಸಿದಳೆನ್ನಿ. ಆಗ ಮಾತು ಬದಲಾಗುತ್ತದೆ. "ವಯಸ್ಸಿಗೆ ಬಂದ ಹುಡುಗಿಗೆ ಇದೆಲ್ಲ ಯಾಕ?" ಎಂಬ ಪ್ರಶ್ನೆ ಏಳುತ್ತದೆ. ದುಡಿಮೆಗೆ ಬಳಸಿದರೆ ಗುಣವೆನಿಸುವ ಬಲವು ಸಂತೋಷಕ್ಕೆ ಬಳಸಿದರೆ ದೋಷವೆನಿಸುವುದು ಯಾವ ನ್ಯಾಯ? ನಮ್ಮ ಕ್ರೈಸ್ತ ಕುಟುಂಬಗಳು ಈ ಪ್ರಶ್ನೆಯನ್ನು ಶಾಂತಚಿತ್ತದಿಂದ ಕೇಳಿಕೊಳ್ಳಬೇಕಾದ ಕಾಲ ಬಂದಿದೆ. ಅದಕ್ಕೆ ನೆರವಾಗಲೆಂದು ನಮ್ಮ ನಾಡಿನದೇ ಒಬ್ಬ ಹೆಣ್ಣುಮಗಳ ಬಾಳನ್ನು ಇಲ್ಲಿ ನೆನೆಯಬಯಸುತ್ತೇವೆ.

ಹೆರ್ಮುಂಡೆಯಿಂದ ಹೊರಟವಳು

ಉಡುಪಿ ಜಿಲ್ಲೆಯ ಕಾರ್ಕಳ ಎಂದೊಡನೆ ನಮ್ಮ ಓದುಗರಿಗೆ ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರ ನೆನಪಾಗುವುದು ಸಹಜ. ೨೦೧೬ರಲ್ಲಿ ಕಿರಿಯ ಬಸಿಲಿಕದ ಗೌರವ ಪಡೆದ ಆ ದೇವಾಲಯಕ್ಕೆ ಜನವರಿ ತಿಂಗಳ ಜಾತ್ರೆಯಲ್ಲಿ ಜಾತಿಮತಭೇದವಿಲ್ಲದೆ ಜನ ಸೇರುತ್ತಾರೆ. ಅದೇ ಕಾರ್ಕಳ ಸೀಮೆಯ ಹೆರ್ಮುಂಡೆ ಎಂಬ ಹಳ್ಳಿಯಲ್ಲಿ, ಬೇಸಾಯವನ್ನು ನಂಬಿದ ಕುಟುಂಬವೊಂದರಲ್ಲಿ ೧೯೮೬ರಲ್ಲಿ ಹುಟ್ಟಿದವರು ಮಮತಾ ಪೂಜಾರಿ.

ಅವರು ಮೊದಲಿಗೇ ಕಬಡ್ಡಿಯನ್ನು ಹಿಡಿದವರಲ್ಲ. ಶಾಲೆಯ ದಿನಗಳಲ್ಲಿ ವಾಲಿಬಾಲ್, ಥ್ರೋಬಾಲ್, ಗುಂಡು ಎಸೆತ ಮುಂತಾದವುಗಳಲ್ಲಿ ಕೈಯಾಡಿಸಿದರು. ಕಬಡ್ಡಿ ಅವರ ಬಾಳಿನ ಆಟವಾದದ್ದು ಅನಂತರ. ಆ ಆಟವೇ ಮುಂದೆ ಅವರಿಗೆ ದಕ್ಷಿಣ ಮಧ್ಯ ರೈಲ್ವೆಯಲ್ಲಿ ಉದ್ಯೋಗವನ್ನು ಕೊಟ್ಟಿತು. ನಮ್ಮ ದೇಶದ ಮಹಿಳಾ ಕಬಡ್ಡಿಯಲ್ಲಿ ರೈಲ್ವೆ ತಂಡದ ಸ್ಥಾನ ಬಹು ದೊಡ್ಡದು. ಹಳ್ಳಿಯ ಹುಡುಗಿಯೊಬ್ಬಳಿಗೆ ಆ ತಂಡದ ಅಂಗಿ ತೊಡುವುದೆಂದರೆ ತಿಂಗಳ ಸಂಬಳ, ತರಬೇತಿ, ಸ್ವಂತ ಕಾಲಿನ ಮೇಲೆ ನಿಲ್ಲುವ ಧೈರ್ಯ, ಇವೆಲ್ಲವೂ ಒಟ್ಟಿಗೆ ದೊರೆತಂತೆ. "ಆಟ ಹೊಟ್ಟೆಗೆ ಹಿಟ್ಟು ಹಾಕೀತೇ?" ಎಂದು ಕೇಳುವ ತಂದೆತಾಯಿಗಳು ಇದನ್ನು ಗಮನಿಸಬೇಕು. ಆಡಿದ ಎಲ್ಲರಿಗೂ ಅಂಥ ಕೆಲಸ ಸಿಗುವುದಿಲ್ಲವೆಂಬುದು ನಿಜ. ಆದರೆ ಮನೆಯ ಹೊಸ್ತಿಲಲ್ಲೇ ತಡೆದು ನಿಲ್ಲಿಸಿದವಳಿಗಂತೂ ಅದು ಎಂದಿಗೂ ಸಿಗದು.

ಕಬಡ್ಡಿ ನಮ್ಮ ಭಾಗದ ಓದುಗರಿಗೆ ಹೊಸದಲ್ಲ. ಹನ್ನೆರಡು ಮೀಟರ್ ಉದ್ದ, ಎಂಟು ಮೀಟರ್ ಅಗಲದ ಮಹಿಳಾ ಅಂಕಣದಲ್ಲಿ ಒಂದೊಂದು ಕಡೆ ಏಳು ಮಂದಿ ನಿಲ್ಲುತ್ತಾರೆ. ಒಬ್ಬಳು ಉಸಿರು ಬಿಡದೆ ಆಟದ ಹೆಸರನ್ನೇ ಜಪಿಸುತ್ತ ಎದುರಾಳಿಗಳ ನಡುವೆ ನುಗ್ಗಬೇಕು. ಮುಟ್ಟಬೇಕು, ಹಿಡಿತಕ್ಕೆ ಸಿಕ್ಕಿದರೆ ಕೊಸರಿಕೊಳ್ಳಬೇಕು, ಮೂವತ್ತು ಸೆಕೆಂಡುಗಳೊಳಗೆ ಮಧ್ಯದ ಗೆರೆ ದಾಟಿ ಹಿಂದಿರುಗಬೇಕು. ಏಳು ಮಂದಿಯ ಎದುರು ಒಬ್ಬಳೇ ಹೋಗುವ ಆಟವಿದು. ಅಲ್ಲಿ ತೋಳ್ಬಲವೊಂದೇ ಸಾಲದು. ಯಾರು ಯಾವ ಮೂಲೆಯಲ್ಲಿದ್ದಾರೆ, ಯಾರ ಕಾಲು ಮುಂದೆ ಬಂದಿದೆ, ಯಾವಾಗ ಹಿಂದೆ ಸರಿಯಬೇಕು ಎಂಬುದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ನಿರ್ಧರಿಸುವ ಬುದ್ಧಿ ಬೇಕು. ದಾಳಿಗಿಳಿಯುವುದರಲ್ಲಿ ಮಮತಾ ಹೆಸರಾದರು.

ಇಪ್ಪತ್ತು ವರ್ಷಗಳ ಕಾಯುವಿಕೆ

ಏಷ್ಯಾ ಕ್ರೀಡಾಕೂಟದಲ್ಲಿ ಪುರುಷರ ಕಬಡ್ಡಿಗೆ ಪದಕದ ಸ್ಥಾನ ದೊರೆತದ್ದು ೧೯೯೦ರಲ್ಲಿ, ಬೀಜಿಂಗ್ ನಗರದಲ್ಲಿ. ಮಹಿಳೆಯರಿಗೆ ಆ ಬಾಗಿಲು ತೆರೆದದ್ದು ೨೦೧೦ರಲ್ಲಿ, ಗುವಾಂಗ್‌ಝೌ ನಗರದಲ್ಲಿ. ಈ ಇಪ್ಪತ್ತು ವರ್ಷಗಳ ಅಂತರದಲ್ಲಿ ಎಷ್ಟು ಮಂದಿ ಆಟಗಾರ್ತಿಯರು ಪ್ರಾಯ ಮುಗಿದು ಮನೆಗೆ ಮರಳಿದರೋ ಲೆಕ್ಕವಿಟ್ಟವರಿಲ್ಲ. ಇದು ನಮ್ಮ ದೇಶದ ಕಥೆ ಮಾತ್ರವೂ ಅಲ್ಲ. ಪಶ್ಚಿಮ ದೇಶಗಳಲ್ಲಿ ಮೈಗೆ ಮೈ ತಾಗಿಸಿ ಆಡುವ ರಗ್ಬಿ ಎಂಬ ಆಟವಿದೆ. ಅದರಲ್ಲಿ ಪುರುಷರ ವಿಶ್ವಕಪ್ ೧೯೮೭ರಲ್ಲಿ ಆರಂಭವಾಯಿತು. ಮಹಿಳೆಯರದು ೧೯೯೧ರಲ್ಲಿ ವೇಲ್ಸ್ ದೇಶದಲ್ಲಿ ನಡೆದು ಅಮೆರಿಕ ಗೆದ್ದಿತು. ೨೦೨೫ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಇಂಗ್ಲೆಂಡ್ ಮತ್ತು ಕೆನಡಾ ಮಹಿಳೆಯರ ನಡುವೆ ನಡೆದ ಅಂತಿಮ ಪಂದ್ಯವನ್ನು ನೋಡಲು ಎಂಬತ್ತೊಂದು ಸಾವಿರಕ್ಕೂ ಮಿಕ್ಕಿ ಜನ ಮೈದಾನದಲ್ಲಿ ಸೇರಿದ್ದರು. ಇಂಥ ಆಟ ಹೆಂಗಸರಿಗೆ ಸಲ್ಲದೆಂಬ ಮಾತನ್ನು ಅಲ್ಲಿಯವರೂ ಕೇಳಿಕೊಂಡೇ ಬೆಳೆದವರು.

ಗುವಾಂಗ್‌ಝೌದ ಅಂತಿಮ ಪಂದ್ಯದಲ್ಲಿ ಭಾರತವು ಥಾಯ್ಲೆಂಡ್ ತಂಡವನ್ನು ೨೮–೧೪ರಿಂದ ಮಣಿಸಿತು. ಆ ಮೊದಲ ಚಿನ್ನದ ತಂಡದಲ್ಲಿ ಮಮತಾ ಇದ್ದರು. ನಮ್ಮ ರಾಜ್ಯದವರೇ ಆದ ಬೆಂಗಳೂರಿನ ತೇಜಸ್ವಿನಿ ಬಾಯಿಯವರೂ ಇದ್ದರು. ೨೦೧೨ರ ಮಾರ್ಚ್ ತಿಂಗಳಲ್ಲಿ ಪಟ್ನಾ ನಗರದಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ನಡೆದಾಗ ಹದಿನಾರು ದೇಶಗಳ ತಂಡಗಳು ಬಂದವು. ಭಾರತ ತಂಡದ ನಾಯಕಿ ಮಮತಾ ಪೂಜಾರಿ. ಅಂತಿಮ ಪಂದ್ಯದಲ್ಲಿ ಇರಾನ್ ಎದುರು ೨೫–೧೯ರ ಜಯ ದೊರೆಯಿತು. ೨೦೧೪ರಲ್ಲಿ ಇಂಚಾನ್ ಏಷ್ಯಾ ಕ್ರೀಡಾಕೂಟದಲ್ಲಿ ಮತ್ತೆ ಇರಾನ್ ಎದುರಾಯಿತು. ೩೧–೨೧ರಿಂದ ಗೆದ್ದು ಭಾರತದ ವನಿತೆಯರು ಚಿನ್ನವನ್ನು ಉಳಿಸಿಕೊಂಡರು. ಅದೇ ವರ್ಷ ಮಮತಾ ಅವರಿಗೆ ಅರ್ಜುನ ಪ್ರಶಸ್ತಿ ಸಂದಿತು. ತೇಜಸ್ವಿನಿಯವರಿಗೆ ಅದು ೨೦೧೧ರಲ್ಲೇ ಸಂದಿತ್ತು.

೨೦೧೬ರಲ್ಲಿ ಪುರುಷರ ಪ್ರೊ ಕಬಡ್ಡಿಯ ಜೊತೆಯಲ್ಲಿ ಮಹಿಳೆಯರಿಗೂ ಒಂದು ಪಂದ್ಯಾವಳಿಯನ್ನು ಏರ್ಪಡಿಸಿದರು. ಇದ್ದದ್ದು ಮೂರೇ ತಂಡ. ಒಂದಕ್ಕೆ ಮಮತಾ ನಾಯಕಿ, ಇನ್ನೊಂದಕ್ಕೆ ತೇಜಸ್ವಿನಿ. ಜುಲೈ ೩೧ರಂದು ಹೈದರಾಬಾದಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಈ ಇಬ್ಬರು ಕನ್ನಡತಿಯರೇ ಎದುರುಬದುರಾದರು. ತೇಜಸ್ವಿನಿಯವರ ತಂಡ ೨೪–೨೩ರಿಂದ, ಅಂದರೆ ಒಂದೇ ಒಂದು ಅಂಕದಿಂದ ಗೆದ್ದಿತು. ದೂರದರ್ಶನದ ಮುಂದೆ ಕುಳಿತು ಮನೆಮಂದಿಯೆಲ್ಲ ಹೆಂಗಸರ ಕಬಡ್ಡಿಯನ್ನು ನೋಡಿದ್ದು ಬಹುಶಃ ಅದೇ ಮೊದಲು. ಆದರೆ ಮರುವರ್ಷ ಆ ಪಂದ್ಯಾವಳಿ ಮುಂದುವರಿಯಲಿಲ್ಲ. ಪುರುಷರದು ಮುಂದುವರಿಯಿತು. ಚಿನ್ನ ತಂದವರಿಗೂ ತೆರೆದ ಬಾಗಿಲು ಮತ್ತೆ ಮುಚ್ಚಿಕೊಳ್ಳಬಹುದೆಂಬುದಕ್ಕೆ ಇದೊಂದು ನಿದರ್ಶನ.

ದೇಹವನ್ನು ಕುರಿತು ಧರ್ಮಸಭೆಯ ಮಾತು

ಹೆಣ್ಣುಮಕ್ಕಳ ಆಟವನ್ನು ಕುರಿತು ನಮ್ಮ ಜನರಲ್ಲಿರುವ ಸಂಕೋಚಕ್ಕೆ ಧರ್ಮದ ಬಣ್ಣ ಬಳಿಯುವವರೂ ಇದ್ದಾರೆ. ದೇಹವೆಂಬುದು ಆತ್ಮದ ಸೆರೆಮನೆ, ಆದ್ದರಿಂದ ಅದನ್ನು ಮರೆಮಾಡಿ ಅಡಗಿಸಿಡುವುದೇ ಭಕ್ತಿ ಎಂಬ ಭಾವನೆ ಅವರದು. ಇದು ಪ್ರಾಚೀನ ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋವಿನ ಕಡೆಯಿಂದ ಬಂದ ಮಾತೇ ಹೊರತು ಶುಭಸಂದೇಶದಿಂದ ಬಂದದ್ದಲ್ಲ. ಸಂತ ತೋಮಸ್ ಅಕ್ವಿನಾಸರು ಇದನ್ನು ಒಪ್ಪಲಿಲ್ಲ. ಆತ್ಮವು ಮನೆಯೊಳಗಿನ ಬಾಡಿಗೆದಾರನಂತೆ ದೇಹದಲ್ಲಿ ಇರುವುದಲ್ಲ; ಆತ್ಮ ಮತ್ತು ದೇಹ ಕೂಡಿಯೇ ಒಬ್ಬ ಮನುಷ್ಯ ಎಂಬುದು ಅವರ ಬೋಧನೆ. ದೇವಪುತ್ರರು ನಮ್ಮಂತೆಯೇ ದೇಹ ಧರಿಸಿ ಬಂದರು. ಬಡಗಿಯ ಮನೆಯಲ್ಲಿ ದುಡಿದರು. ಗಲಿಲೇಯದ ಬೆಟ್ಟಗುಡ್ಡಗಳನ್ನು ನಡೆದೇ ದಾಟಿದರು. ಭಾನುವಾರದ ಬಲಿಪೂಜೆಯಲ್ಲಿ ವಿಶ್ವಾಸ ಸಂಗ್ರಹವನ್ನು ಹೇಳುವಾಗ ನಾವು ಸತ್ತವರ ಪುನರುತ್ಥಾನವನ್ನು ನಂಬುತ್ತೇವೆಂದು ಒಪ್ಪಿಕೊಳ್ಳುತ್ತೇವೆ. ಪುನರುತ್ಥಾನಕ್ಕೆ ಯೋಗ್ಯವಾದ ಶರೀರ ಹೆಣ್ಣಿನದಾದೊಡನೆ ನಾಚಿಕೆಗೆ ಕಾರಣವಾಗುವುದು ಹೇಗೆ?

ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲ ಪತ್ರದಲ್ಲಿ ವಿಶ್ವಾಸಿಗಳ ದೇಹವನ್ನು ಪವಿತ್ರಾತ್ಮರ ಆಲಯವೆಂದು ಕರೆದಿದ್ದಾರೆ. ಅದೇ ಪತ್ರದಲ್ಲಿ ಮುಂದೆ ಓಟಗಾರರ, ಮಲ್ಲರ ಉಪಮೆಯನ್ನೂ ತಂದಿದ್ದಾರೆ. ಕೊರಿಂಥ ಪಟ್ಟಣದ ಬಳಿಯಲ್ಲೇ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿದ್ದುದರಿಂದ ಅಲ್ಲಿಯ ಜನಕ್ಕೆ ಆ ಉಪಮೆ ಬೇಗನೆ ಮನಸ್ಸಿಗೆ ತಟ್ಟಿರಬೇಕು. ಕ್ರೀಡಾಪಟುವಿನ ಸಂಯಮವನ್ನು ಪೌಲರು ಹೊಗಳಿದರು, ಆಟವನ್ನು ಹೀಗಳೆಯಲಿಲ್ಲ.

ಆಟವಾಡುವುದೂ ಒಂದು ಸದ್ಗುಣವೆಂದು ಅಕ್ವಿನಾಸರು, ಅರಿಸ್ಟಾಟಲನ ಜಾಡು ಹಿಡಿದು, ವಿವರಿಸಿದ್ದಾರೆ. ಅವರು ಅಲ್ಲಿ ಸಂತ ಯೊವಾನ್ನರ ಬಗೆಗಿನ ಒಂದು ಹಳೆಯ ಕಥೆಯನ್ನು ನೆನೆಯುತ್ತಾರೆ. ಯೊವಾನ್ನರು ಶಿಷ್ಯರೊಡನೆ ಆಟವಾಡುತ್ತಿರುವುದನ್ನು ಕಂಡು ಕೆಲವರು ಬೇಸರಪಟ್ಟರಂತೆ. ಅವರಲ್ಲೊಬ್ಬನ ಕೈಯಲ್ಲಿ ಬಿಲ್ಲಿತ್ತು. ಒಂದರ ಹಿಂದೊಂದು ಬಾಣ ಬಿಡುವಂತೆ ಸಂತರು ಹೇಳಿದರು. ಹೀಗೆಯೇ ನಿಲ್ಲದೆ ಬಿಡುತ್ತಿರಬಲ್ಲೆಯಾ ಎಂದು ಕೇಳಿದಾಗ, ಹಾಗೆ ಮಾಡಿದರೆ ಬಿಲ್ಲು ಮುರಿದುಹೋಗುತ್ತದೆ ಎಂದನಂತೆ ಆತ. ಮನುಷ್ಯನ ಮನಸ್ಸೂ ಹಾಗೆಯೇ ಎಂದರು ಸಂತರು. ಸೂರ್ಯ ಹುಟ್ಟುವ ಮುನ್ನ ಎದ್ದು ಕಸ ಗುಡಿಸಿ, ರೊಟ್ಟಿ ಬಡಿದು, ಹೊಲಕ್ಕೆ ಹೋಗಿ, ರಾತ್ರಿ ಎಲ್ಲರ ಊಟವಾದ ಮೇಲೆ ಉಣ್ಣುವ ನಮ್ಮ ಮನೆಯ ಹೆಣ್ಣುಮಗಳ ಬಿಲ್ಲು ಎಷ್ಟು ಕಾಲದಿಂದ ಬಿಗಿದೇ ಇದೆಯೆಂಬುದನ್ನು ನಾವು ಯೋಚಿಸಿದ್ದೇವೆಯೇ? ನಮ್ಮ ಗಂಡುಹುಡುಗರಿಗೆ ಗರಡಿಮನೆಯುಂಟು, ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆಯುಂಟು, ಜಾತ್ರೆಯ ಕುಸ್ತಿಯುಂಟು. ಹುಡುಗಿಯರಿಗೆ ಶಾಲೆಯ ಮೈದಾನ ಬಿಟ್ಟರೆ ಬೇರೆ ಏನಿದೆ?

ಕ್ರೀಡೆಯನ್ನು ಕುರಿತು ೨೦೧೮ರ ಜೂನ್ ತಿಂಗಳಲ್ಲಿ ವ್ಯಾಟಿಕನ್ ಒಂದು ಪ್ರತ್ಯೇಕ ದಾಖಲೆಯನ್ನೇ ಹೊರಡಿಸಿತು. ಅದಕ್ಕೂ ಮುನ್ನ ೨೦೦೦ದ ಜ್ಯುಬಿಲಿ ವರ್ಷದಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ರೋಮಿನ ಒಲಿಂಪಿಕ್ ಕ್ರೀಡಾಂಗಣದಲ್ಲೇ ಕ್ರೀಡಾಪಟುಗಳೊಂದಿಗೆ ಬಲಿಪೂಜೆ ಅರ್ಪಿಸಿದ್ದರು. ಧರ್ಮಸಭೆ ಮೈದಾನಕ್ಕೆ ಹೋಗಲು ಹಿಂಜರಿಯಲಿಲ್ಲ. ಹಿಂಜರಿದವರು ನಾವು.

ನಮ್ಮದೊಂದು ತಪ್ಪು

ಇಲ್ಲಿ ನಾವೊಂದು ತಪ್ಪನ್ನು ಒಪ್ಪಿಕೊಳ್ಳದಿದ್ದರೆ ಈ ಬರಹ ಅಪ್ರಾಮಾಣಿಕವಾದೀತು. ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಯ ಕಬಡ್ಡಿ ತಂಡದಲ್ಲಿ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾಗಿದ್ದಳು. ಅವಳ ತಂದೆ ಸಂಜೆಯ ಜಪಸರ ಮುಗಿದ ಮೇಲೆ ನಮ್ಮ ಬಳಿ ಬಂದು, "ಮಗಳು ವಯಸ್ಸಿಗೆ ಬಂದಾಳ್ರೀ ಫಾದರ್. ಚಡ್ಡಿ ಹಾಕ್ಕೊಂಡು ಮಂದಿ ಮುಂದ ಆಡೋದಂದ್ರ ಏನಂತಾರೋ ಏನೋ. ಕಳಸ್ಲೋ ಬ್ಯಾಡೋ?" ಎಂದು ಕೇಳಿದರು. ಆತ ನಮ್ಮಿಂದ ಬಯಸಿದ್ದು ಧೈರ್ಯದ ಒಂದು ಮಾತನ್ನೆಂದು ಇಂದು ನಮಗನಿಸುತ್ತದೆ. ಆದರೆ ಅಂದು ನಾವು, "ಹುಡುಗಿಗೆ ಓದು ಸಾಕು, ಬಿಡಿ" ಎಂದುಬಿಟ್ಟೆವು. ತತ್ತ್ವಶಾಸ್ತ್ರವನ್ನು ಓದಿದ್ದೆವು, ಬಿಲ್ಲಿನ ಕಥೆಯೂ ಗೊತ್ತಿತ್ತು. ಊರವರ ಮಾತಿಗೆ ಅಂಜುವವರಲ್ಲಿ ಆ ತಂದೆ ಒಬ್ಬರೇ ಇರಲಿಲ್ಲ.

ಆ ಹುಡುಗಿ ಹೋಗಲಿಲ್ಲ. ಆಕೆ ಗೆಲ್ಲುತ್ತಿದ್ದಳೋ ಸೋಲುತ್ತಿದ್ದಳೋ, ಅದು ಬೇರೆಯ ಮಾತು. ತನ್ನ ಬಲವೆಷ್ಟೆಂದು ತಿಳಿಯುವ ಅವಕಾಶವನ್ನು ಅವಳ ಕೈಯಿಂದ ಕಿತ್ತುಕೊಂಡವರಲ್ಲಿ ನಾವೂ ಸೇರಿದೆವು. ಮುಂದೆ ಅವಳಿಗೆ ನಾವೇ ವಿವಾಹ ಸಂಸ್ಕಾರ ನೆರವೇರಿಸಿದೆವು. ಕಳೆದ ವರ್ಷ ಆಕೆ ತನ್ನ ಮಗಳ ಕೈಹಿಡಿದು ಬಂದು, "ಇಕಿನ್ನೂ ಶಾಲಿ ಕಬಡ್ಡಿ ಟೀಮಿಗೆ ತಗೊಂಡಾರ್ರೀ ಫಾದರ್. ಕಳಸ್ಲೇನ್ರೀ?" ಎಂದಳು. ಹಳೆಯದನ್ನು ಆಕೆ ಎತ್ತಿ ಆಡಲಿಲ್ಲ. ಆದರೆ ಪ್ರಶ್ನೆಯನ್ನು ಕೇಳಿ ನಮ್ಮ ಮುಖವನ್ನೇ ನೋಡುತ್ತ ನಿಂತಳು.

ಕಳಿಸುವ ಮುನ್ನ ಕೇಳಬೇಕಾದುದು

ತಂದೆತಾಯಿಗಳ ಭಯವೆಲ್ಲ ಮೂಢನಂಬಿಕೆಯೆಂದು ನಾವು ಹೇಳುವುದಿಲ್ಲ. ೨೦೨೩ರಲ್ಲಿ ದೇಶಕ್ಕೆ ಪದಕ ತಂದ ಮಹಿಳಾ ಕುಸ್ತಿಪಟುಗಳೇ ತಮಗಾದ ಕಿರುಕುಳದ ವಿರುದ್ಧ ನ್ಯಾಯ ಕೇಳಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತದ್ದನ್ನು ಎಲ್ಲರೂ ಕಂಡಿದ್ದೇವೆ. ಆದ್ದರಿಂದ ಪ್ರಶ್ನೆ ಕೇಳುವುದು ಪಾಲಕರ ಹಕ್ಕು, ಕರ್ತವ್ಯವೂ ಹೌದು. ತಂಡದ ಜೊತೆಯಲ್ಲಿ ಶಿಕ್ಷಕಿಯೊಬ್ಬರು ಹೋಗುತ್ತಾರೆಯೇ? ರಾತ್ರಿ ತಂಗುವುದೆಲ್ಲಿ? ಪೆಟ್ಟಾದರೆ ಚಿಕಿತ್ಸೆಗೆ ಏನು ವ್ಯವಸ್ಥೆ? ಮನೆಯವರೊಬ್ಬರು ಜೊತೆಗೆ ಹೋಗಬಹುದೇ? ಇವನ್ನು ಸಂಕೋಚವಿಲ್ಲದೆ ಕೇಳಿರಿ. ಕಬಡ್ಡಿಯಲ್ಲಿ ಮೊಣಕಾಲು, ಹಿಮ್ಮಡಿ, ಭುಜಗಳಿಗೆ ಪೆಟ್ಟು ಬೀಳುವುದುಂಟು. ಮೊಣಕಾಲಿನ ನೋವನ್ನು ಅರಿಸಿನದ ಪಟ್ಟಿನಲ್ಲಿ ಮುಚ್ಚಿಡದೆ ವೈದ್ಯರಿಗೆ ತೋರಿಸಿರಿ. ಬೆಳೆಯುವ ಹುಡುಗಿಗೆ ರಕ್ತಹೀನತೆ ಬಾರದಂತೆ ಊಟ ಕೊಡಿರಿ. ಅದಕ್ಕೆ ಪೇಟೆಯ ಪುಡಿಡಬ್ಬಿಗಳು ಬೇಕಿಲ್ಲ. ನಮ್ಮ ಹೊಲದ ಕಡಲೆ, ಶೇಂಗಾ, ಹೆಸರಿನ ಮೊಳಕೆ, ಸೊಪ್ಪಿನ ಪಲ್ಯ, ಕೈಗೆಟಕಿದಾಗ ಮೊಟ್ಟೆ ಇದ್ದರೆ ಒಳ್ಳೆಯದು. ಅಣ್ಣತಮ್ಮಂದಿರ ತಟ್ಟೆಗೆ ಬೀಳುವಷ್ಟು ಅವಳ ತಟ್ಟೆಗೂ ಬೀಳಲಿ.

ಸರಕಾರಿ ಶಾಲೆಗಳ ಕ್ರೀಡಾಕೂಟಗಳು ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತವೆ. ಮೇಲಿನ ಮೆಟ್ಟಿಲು ಏರಿದವರಿಗೆ ರಾಜ್ಯದ ಕ್ರೀಡಾ ಇಲಾಖೆಯ ವಸತಿ ನಿಲಯಗಳುಂಟು. ಏಣಿ ಇದೆ. ಅದರ ಮೊದಲ ಮೆಟ್ಟಿಲು ಮಾತ್ರ ನಮ್ಮ ಮನೆಯ ಅಂಗಳದಲ್ಲಿದೆ.

ಔಟಾದವರು ಮರಳಿ ಬರುವ ಆಟ

ಕಬಡ್ಡಿಯಲ್ಲಿ ನಮ್ಮ ಮನಸ್ಸನ್ನು ಬಹಳವಾಗಿ ಸೆಳೆದ ನಿಯಮವೊಂದಿದೆ. ಔಟಾದವಳು ಅಂಕಣದ ಹೊರಗೆ ಕುಳಿತುಕೊಳ್ಳುತ್ತಾಳೆ. ಆದರೆ ಅವಳ ತಂಡದವಳೊಬ್ಬಳು ಎದುರಾಳಿಯನ್ನು ಔಟು ಮಾಡಿದೊಡನೆ ಹೊರಗೆ ಕುಳಿತವಳಿಗೆ ಮತ್ತೆ ಜೀವ ಬರುತ್ತದೆ. ಅವಳು ಎದ್ದು ಒಳಗೆ ಬರುತ್ತಾಳೆ. ಇನ್ನೊಬ್ಬಳ ಸಾಹಸದಿಂದ ತಾನು ಬದುಕುವ ಆಟವಿದು. ಕ್ರೈಸ್ತರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೇಜಸ್ವಿನಿ ಬಾಯಿಯವರ ಬಾಳನ್ನು ನೋಡುವಾಗ ಈ ನಿಯಮ ನೆನಪಾಗುತ್ತದೆ. ೨೦೨೧ರ ಮೇ ತಿಂಗಳಲ್ಲಿ ಕೋವಿಡ್ ವ್ಯಾಧಿಯು ಆಕೆಯನ್ನೂ ಪತಿಯನ್ನೂ ಹಿಡಿಯಿತು. ಆಕೆ ಗುಣಮುಖರಾದರು, ಪತಿ ಉಳಿಯಲಿಲ್ಲ. ಮಡಿಲಲ್ಲಿ ಕೆಲವೇ ತಿಂಗಳ ಹಸುಗೂಸಿತ್ತು. ಕ್ರೀಡಾಪಟುಗಳ ಕಲ್ಯಾಣ ನಿಧಿಯಿಂದ ಕೇಂದ್ರ ಕ್ರೀಡಾ ಸಚಿವಾಲಯ ಎರಡು ಲಕ್ಷ ರೂಪಾಯಿಗಳ ನೆರವು ನೀಡಿತು. ಅಂಥ ಪೆಟ್ಟು ತಿಂದವರು ಅಂಕಣದ ಕಡೆ ಮತ್ತೆ ತಿರುಗಿಯೂ ನೋಡದಿದ್ದರೆ ಯಾರೂ ದೂರುತ್ತಿರಲಿಲ್ಲ. ಆದರೆ ೨೦೨೫ರ ನವೆಂಬರಿನಲ್ಲಿ ಢಾಕಾ ನಗರದಲ್ಲಿ ಮಹಿಳೆಯರ ಎರಡನೆಯ ವಿಶ್ವಕಪ್ ನಡೆದಾಗ ಭಾರತ ತಂಡಕ್ಕೆ ಪಾಠ ಹೇಳಿಕೊಟ್ಟ ಮುಖ್ಯ ತರಬೇತುದಾರರು ಈ ತೇಜಸ್ವಿನಿಯವರೇ. ಅಂತಿಮ ಪಂದ್ಯದಲ್ಲಿ ಚೈನೀಸ್ ತೈಪೆಯನ್ನು ೩೫–೨೮ರಿಂದ ಸೋಲಿಸಿ ಭಾರತ ಕಪ್ಪನ್ನು ಉಳಿಸಿಕೊಂಡಿತು. ಆ ತಂಡದಲ್ಲಿ ಸುರತ್ಕಲ್ ಕಡೆಯ ಧನಲಕ್ಷ್ಮಿ ಪೂಜಾರಿಯವರೂ ಆಡಿದರು. ಹದಿಮೂರು ವರ್ಷಗಳ ಹಿಂದೆ ಮಮತಾ ನಾಯಕಿಯಾಗಿ ಎತ್ತಿಹಿಡಿದ ಕಪ್ಪು ಅದೇ ಕರಾವಳಿಯ ಇನ್ನೊಬ್ಬ ಹುಡುಗಿಯ ಕೈಗೆ ಬಂದಿತು. ಒಬ್ಬಳು ಗೆರೆ ದಾಟಿದರೆ ಹಿಂದೆ ಕುಳಿತವಳು ಎದ್ದು ನಿಲ್ಲುತ್ತಾಳೆ.

ನಮ್ಮ ಬಳಿ ಬಂದ ಆ ತಾಯಿಗೆ ನಾವು ಏನೆಂದೆವು? "ಕಳಿಸವ್ವಾ, ನೀನೂ ಜೊತಿಗಿ ಹೋಗು" ಎಂದೆವು. ಹಿಂದೆ ಅವಳ ತಂದೆಗೆ ಹೇಳಿದ್ದು ತಪ್ಪೆಂದೂ ಹೇಳಿದೆವು. ಆಕೆ ತಲೆ ತಗ್ಗಿಸಿ ನಕ್ಕಳು, ಕಣ್ಣು ಒದ್ದೆಯಾಗಿತ್ತು. ಮಗಳ ತಂಡ ತಾಲೂಕು ಮಟ್ಟದಲ್ಲೇ ಸೋತಿತು. ಪದಕವಿಲ್ಲ, ಪತ್ರಿಕೆಯಲ್ಲಿ ಚಿತ್ರವಿಲ್ಲ. ಮುಂದಿನ ಭಾನುವಾರ ಬಲಿಪೂಜೆಗೆ ಬಂದ ಆ ಹುಡುಗಿ ಮೊದಲ ಸಾಲಿನಲ್ಲಿ ಕುಳಿತಿದ್ದಳು. ಬಲ ಮೊಣಕಾಲಿಗೆ ಪಟ್ಟಿ ಕಟ್ಟಿತ್ತು. ಎಲ್ಲರೂ ಮೊಣಕಾಲೂರುವ ಹೊತ್ತಿಗೆ ಅವಳೂ ಕಷ್ಟದಿಂದ ಬಾಗತೊಡಗಿದಳು. ಕುಳಿತೇ ಪ್ರಾರ್ಥಿಸೆಂದು ನಾವು ಪೀಠದಿಂದಲೇ ಸನ್ನೆ ಮಾಡಿದೆವು. ಈ ವರ್ಷವೂ ಆಡುವೆನೆಂದು ಆಕೆ ಹೇಳಿದ್ದಾಳೆ.

ಮಳೆಗಾಲದ ಬಿತ್ತನೆ ಮುಗಿದೊಡನೆ ಶಾಲೆಗಳಲ್ಲಿ ತಂಡಗಳ ಆಯ್ಕೆ ಆರಂಭವಾಗುತ್ತದೆ. ನಿಮ್ಮ ಮಗಳು ಸಂಜೆ ಮನೆಗೆ ಬಂದು, ಬಾಗಿಲ ಬಳಿ ನಿಂತು, ಮೆಲುದನಿಯಲ್ಲಿ ಏನನ್ನೋ ಕೇಳಬಹುದು. ಊರವರ ಮಾತು ಕಿವಿಗೆ ಬೀಳುವ ಮುನ್ನ ಅವಳ ಮಾತನ್ನು ಪೂರ್ತಿಯಾಗಿ ಕೇಳಿರಿ.